ನಕ್ಷೆ ತಂತ್ರಾಂಶದ ವಿಮರ್ಶೆ: ಡ್ಯುಯಲ್ ಬೂಟ್ ಕಂಪ್ಯೂಟರಿನಲ್ಲಿ ನಿಲ್ಲದ ಲೈಸೆನ್ಸ್

ಕಟ್ಟಡಗಳ ನಕ್ಷೆ ಬಿಡಿಸಲು ನಾನು ಕೊಂಡ ಈ ತಂತ್ರಾಂಶ ತನ್ನ ಮುಖ್ಯ ಕೆಲಸದಲ್ಲಿ ಎಂದೂ ನಿರಾಶೆ ಮಾಡಿಲ್ಲ. ಅಳತೆಗಳು ಕರಾರುವಾಕ್ಕಾಗಿರುತ್ತವೆ, ದೊಡ್ಡ ಕಡತಗಳೂ ತಡವಿಲ್ಲದೆ ತೆರೆದುಕೊಳ್ಳುತ್ತವೆ. ಆದರೆ ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್ ಜೊತೆಗೆ ಲಿನಕ್ಸನ್ನೂ ಇಟ್ಟುಕೊಂಡವರು (ಇದನ್ನೇ ಡ್ಯುಯಲ್ ಬೂಟ್ ಎನ್ನುವುದು) ಇದರ ಲೈಸೆನ್ಸ್ ವ್ಯವಸ್ಥೆಯ ಬಗ್ಗೆ ಕೊಳ್ಳುವ ಮೊದಲೇ ತಿಳಿದಿರಬೇಕು.

ಲಿನಕ್ಸ್ ಅಳವಡಿಸಿದ ಮರುದಿನ ವಿಂಡೋಸ್‌ನಲ್ಲಿ ತಂತ್ರಾಂಶವನ್ನು ತೆರೆಯಲು ಹೋದರೆ, ಲೈಸೆನ್ಸ್ ಮಾನ್ಯವಾಗಿಲ್ಲ ಎಂಬ ಸಂದೇಶ ತೋರಿಸಿ ಅದು ಮುಚ್ಚಿಕೊಂಡಿತು. ಸಹಾಯವಾಣಿಯವರು ಹೇಳಿದಂತೆ ಮತ್ತೆ ಸಕ್ರಿಯಗೊಳಿಸಿದೆ. ಕೆಲವು ವಾರ ಸರಿಯಿದ್ದು ಮತ್ತೆ ಅದೇ ದೋಷ ಕಾಣಿಸಿತು. ಮೂರನೆಯ ಸಲ ಸಕ್ರಿಯಗೊಳಿಸುವ ಮಿತಿಯೇ ಮುಗಿದಿತ್ತು. ಅವರು ಸೌಜನ್ಯದಿಂದಲೇ ಮಾತನಾಡಿದರು, ಮಿತಿಯನ್ನೂ ಹೆಚ್ಚಿಸಿಕೊಟ್ಟರು. ಆದರೆ ಈ ಯಂತ್ರದಲ್ಲಿ ಬೇರೊಂದು ಆಪರೇಟಿಂಗ್ ಸಿಸ್ಟಮ್ ಇದೆಯೇ ಎಂದು ಒಮ್ಮೆಯೂ ಕೇಳಲಿಲ್ಲ.

ಮೊದಲು ನನ್ನ ಅನುಮಾನ ಹೋದದ್ದು ಗಡಿಯಾರದ ಮೇಲೆ. ಮದರ್‌ಬೋರ್ಡಿನ ಗಡಿಯಾರದಲ್ಲಿ ಸ್ಥಳೀಯ ಸಮಯವಿದೆ ಎಂದು ವಿಂಡೋಸ್ ಎಣಿಸುತ್ತದೆ, ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ಸಮಯ, ಇದೆ ಎಂದು ಲಿನಕ್ಸ್ ಎಣಿಸುತ್ತದೆ. ಹೀಗಾಗಿ ಒಂದರಿಂದ ಇನ್ನೊಂದಕ್ಕೆ ಹೋದಾಗ ಸಮಯ ಗಂಟೆಗಟ್ಟಲೆ ಹಿಂದೆ ಮುಂದೆ ಆಗಬಹುದು, ಗಡಿಯಾರ ಹಿಂದೆ ಸರಿದದ್ದನ್ನು ಕಂಡು ಲೈಸೆನ್ಸ್ ನಿರಾಕರಿಸುವ ತಂತ್ರಾಂಶಗಳೂ ಇವೆ. ಲಿನಕ್ಸನ್ನು ಸ್ಥಳೀಯ ಸಮಯಕ್ಕೆ ಹೊಂದಿಸಿದರೂ ದೋಷ ಹೋಗಲಿಲ್ಲ.

ದಿನಾಂಕಗಳನ್ನು ಬರೆದಿಟ್ಟುಕೊಂಡಾಗಲೇ ಸುಳಿವು ಸಿಕ್ಕಿದ್ದು: ಪ್ರತಿ ಸಲವೂ ಲೈಸೆನ್ಸ್ ಕೆಟ್ಟದ್ದು ಲಿನಕ್ಸ್‌ನ ಬೂಟ್ ಲೋಡರ್ (ಕಂಪ್ಯೂಟರ್ ಶುರುವಾದಾಗ ಆಪರೇಟಿಂಗ್ ಸಿಸ್ಟಮನ್ನು ಆರಂಭಿಸುವ ಪುಟ್ಟ ತಂತ್ರಾಂಶ) ಆದ ಗ್ರಬ್ ಹೊಸದಾಗಿ ಅಳವಡಿಕೆ ಇಲ್ಲವೇ ಅಪ್‌ಡೇಟ್ ಆದ ಬಳಿಕ. ನನ್ನದು ವಿಭಾಗಗಳ ಪಟ್ಟಿಯನ್ನು ಡಿಸ್ಕಿನ ಮೊದಲಲ್ಲೇ ಇಡುವ ಹಳೆಯ ಎಂಬಿಆರ್ ವಿಧಾನದ ಡಿಸ್ಕ್. ಅದರಲ್ಲಿ 512 ಬೈಟ್‌ಗಳ ಮೊದಲ ಸೆಕ್ಟರಿಗೂ (ಡಿಸ್ಕಿನ ಅತಿ ಚಿಕ್ಕ ತುಂಡು) ಮೊದಲ ವಿಭಾಗಕ್ಕೂ (ಪಾರ್ಟಿಷನ್) ನಡುವೆ ಯಾವ ಕಡತಕ್ಕೂ ಸೇರದ ಜಾಗವಿರುತ್ತದೆ. ವಿಭಾಗವು (ಸೊನ್ನೆಯಿಂದ ಎಣಿಸಿದರೆ) 63ನೇ ಸೆಕ್ಟರಿನಿಂದ ಆರಂಭವಾಗುವ ಹಳೆಯ ಡಿಸ್ಕುಗಳಲ್ಲಿ ಅದು 62 ಸೆಕ್ಟರುಗಳಷ್ಟು. ಗ್ರಬ್ ತನ್ನ ಮುಖ್ಯ ಭಾಗವನ್ನು ಇಡುವುದು ಅಲ್ಲಿಯೇ. ಅಪ್‌ಡೇಟಿಗೆ ಮುಂಚೆ ಮತ್ತು ಅನಂತರ ಈ ಸೆಕ್ಟರುಗಳನ್ನು ಲಿನಕ್ಸ್‌ನ ನಕಲು ಆದೇಶವಾದ ಡಿಡಿಯಿಂದ ಎರಡು ಕಡತಗಳಿಗೆ ನಕಲು ಮಾಡಿ ಹೋಲಿಸಿದೆ. ತಂತ್ರಾಂಶವನ್ನು ಸಕ್ರಿಯಗೊಳಿಸಿದಾಗ 32ನೇ ಸೆಕ್ಟರಿನಲ್ಲಿ ಬಂದು ಕೂತಿದ್ದ ಲೈಸೆನ್ಸ್ ಗುರುತಿನ ಬೈಟ್‌ಗಳ ಮೇಲೆ ಗ್ರಬ್ ತನ್ನ ಸಂಕೇತವನ್ನು (ಕೋಡ್) ಬರೆದುಬಿಟ್ಟಿತ್ತು. ಗ್ರಬ್‌ನ ಈಚಿನ ಆವೃತ್ತಿಗಳು ಇಂತಹ ಪರಿಚಿತ ಗುರುತುಗಳನ್ನು ಕಂಡರೆ ಆ ಸೆಕ್ಟರನ್ನು ಬಿಟ್ಟು ಮುಂದೆ ಹೋಗುತ್ತವೆ, ಬೂಟ್ ಜಾಗದಲ್ಲಿ ಮಾಹಿತಿ ಇಡಬೇಡಿರೆಂದು ಆ ತಂತ್ರಾಂಶದವರನ್ನು ಕೇಳಿಕೊಳ್ಳುವಂತೆಯೂ ಬಳಕೆದಾರರಿಗೆ ತಿಳಿಸುತ್ತವೆ. ನನ್ನಲ್ಲಿದ್ದದ್ದು ಹಳೆಯ ಆವೃತ್ತಿ.

ಹಳೆಯ ನಕಲನ್ನು ಇಡಿಯಾಗಿ ಮರಳಿ ಬರೆಯುವ ಯೋಚನೆ ಯಾರಿಗಾದರೂ ಬರುತ್ತದೆ, ದಯವಿಟ್ಟು ಹಾಗೆ ಮಾಡಬೇಡಿ. ಮೊದಲ ಸೆಕ್ಟರಿನಲ್ಲಿ ವಿಭಾಗಗಳ ಪಟ್ಟಿಯೂ ಇರುವುದರಿಂದ, ನಕಲು ಮಾಡಿದ ಮೇಲೆ ವಿಭಾಗಗಳು ಬದಲಾಗಿದ್ದರೆ ಇಡೀ ಡಿಸ್ಕ್ ಕೈತಪ್ಪಬಹುದು. ನಾನು ಗ್ರಬ್‌ಅನ್ನು ಎರಡನೆಯ ಡಿಸ್ಕಿಗೆ ಅಳವಡಿಸಿ, ಬಯಾಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗಿನ ಮೂಲ ಸಂಯೋಜನೆಯಲ್ಲಿ) ಅದನ್ನೇ ಮೊದಲು ಬೂಟ್ ಆಗುವಂತೆ ಇಟ್ಟು, ಮೊದಲ ಡಿಸ್ಕಿನಲ್ಲಿ ವಿಂಡೋಸ್‌ನ ಬೂಟ್ ಸಂಕೇತವನ್ನು ಅದರದೇ ದುರಸ್ತಿ ಸಾಧನದಿಂದ ಮರಳಿಸಿ, ಕೊನೆಯದಾಗಿ ಲೈಸೆನ್ಸನ್ನು ಸಕ್ರಿಯಗೊಳಿಸಿದೆ. ಲಿನಕ್ಸ್‌ನ ಉಬುಂಟು, ಡೆಬಿಯನ್ ರೂಪಗಳನ್ನು ಬಳಸುವವರು ಇನ್ನೊಂದು ಹೆಜ್ಜೆಯನ್ನು ಮರೆಯಬಾರದು: ಗ್ರಬ್‌ಅನ್ನು ಯಾವ ಡಿಸ್ಕಿಗೆ ಬರೆಯಬೇಕೆಂಬುದನ್ನು ಅದರ ಪ್ಯಾಕೇಜ್ ನೆನಪಿಟ್ಟುಕೊಂಡಿರುತ್ತದೆ, ಆ ಪಟ್ಟಿಯಲ್ಲಿ ಮೊದಲ ಡಿಸ್ಕಿನ ಗುರುತನ್ನು ತೆಗೆಯದಿದ್ದರೆ ಮುಂದಿನ ಅಪ್‌ಡೇಟಿನಲ್ಲಿ ಎಲ್ಲವೂ ಮೊದಲಿನಂತಾಗುತ್ತದೆ.

ಬಯಾಸ್‌ಗೆ ಬದಲಾಗಿ ಬಂದ ಯುಇಎಫ್‌ಐ ವಿಧಾನದಲ್ಲಿ ಬೂಟ್ ಆಗುವ ಹೊಸ ಯಂತ್ರಗಳಲ್ಲಿ ಗ್ರಬ್ ಪ್ರತ್ಯೇಕ ವಿಭಾಗದೊಳಗೆ ಒಂದು ಕಡತವಾಗಿ ಇರುವುದರಿಂದ ಈ ಘರ್ಷಣೆಗೆ ಅವಕಾಶವಿಲ್ಲ, ಅಂಥವರು ಮತ್ತು ವಿಂಡೋಸ್ ಒಂದನ್ನೇ ಬಳಸುವವರು ಈ ತಂತ್ರಾಂಶವನ್ನು ಧಾರಾಳವಾಗಿ ಕೊಳ್ಳಬಹುದು. ಹಳೆಯ ಡಿಸ್ಕಿನ ಡ್ಯುಯಲ್ ಬೂಟ್ ಯಂತ್ರಕ್ಕೆ ಮಾತ್ರ ನಾನು ಇದನ್ನು ಶಿಫಾರಸು ಮಾಡಲಾರೆ. ಹಣ ಪಡೆದ ತಂತ್ರಾಂಶವೊಂದು ತನ್ನದಲ್ಲದ ಜಾಗದಲ್ಲಿ, ಬಳಕೆದಾರನಿಗೆ ಹೇಳದೆ, ಬರೆಯುವುದು ತಪ್ಪು ಎಂದೇ ನನ್ನ ಅಭಿಪ್ರಾಯ. ಕನಿಷ್ಠ ಕೈಪಿಡಿಯಲ್ಲಾದರೂ ಒಂದು ಸಾಲು ಇರಬೇಕಿತ್ತು. ಹೋಲಿಕೆಯ ಎರಡೂ ಕಡತಗಳನ್ನು ಸಹಾಯವಾಣಿಗೆ ಕಳುಹಿಸಿದ್ದೇನೆ, ಉತ್ತರ ಇನ್ನೂ ಬಂದಿಲ್ಲ. ಆ ಬಳಿಕ ಗ್ರಬ್ ಎರಡು ಸಲ ಅಪ್‌ಡೇಟ್ ಆಗಿದೆ, ಲೈಸೆನ್ಸ್ ಹಾಗೆಯೇ ಇದೆ.