ಮೂರು ತಿಂಗಳಲ್ಲಿ ಒಂದು ಲಕ್ಷ: ಟ್ರಾವೆಲ್ ಕಾರ್ಡ್ ಕಲಬುರಗಿಯಲ್ಲಿ ನಡೆಯುತ್ತಾ?

ಟ್ರಾವೆಲ್ ಕಾರ್ಡ್ ಅಂದರೆ ಖರ್ಚಿಗೆ ಸಿಗುವ ಪಾಯಿಂಟ್‌ನಲ್ಲಿ ವಿಮಾನ ಟಿಕೆಟ್ ತಗೊಳ್ಳಬಹುದಾದ ಕ್ರೆಡಿಟ್ ಕಾರ್ಡ್. ಬ್ಯಾಂಕಿನ ಹೆಸರು ಬೇಡ, ನನ್ನ ಕಾರ್ಡಿನ ಷರತ್ತು ಹೇಳುತ್ತೇನೆ. ವರ್ಷದ ಫೀ 1,500 ರೂಪಾಯಿ, ಮೇಲೆ 18% ಜಿಎಸ್‌ಟಿ, ಒಟ್ಟು 1,770. 90 ದಿನದೊಳಗೆ ಒಂದು ಲಕ್ಷ ಖರ್ಚು ಮಾಡಿದರೆ 5,000 ಬೋನಸ್ ಪಾಯಿಂಟ್. ವಿಮಾನ ಟಿಕೆಟ್‌ಗೆ ಬಳಸಿದರೆ ಒಂದು ಪಾಯಿಂಟ್‌ಗೆ 50 ಪೈಸೆ, ಅಂದರೆ 2,500 ರೂಪಾಯಿ. ಫೀ ಕಳೆದರೆ ಉಳಿಯುವುದು 730. ಖರ್ಚಿಗೆ ಸಿಗುವ ಮಾಮೂಲಿ ಪಾಯಿಂಟ್ ಬೇರೆ ಇದೆ, ಅದು ಚಿಲ್ಲರೆ. ಕಾರ್ಡ್ ಮಾರಲು ಬಂದ ಹುಡುಗ ಇದನ್ನೇ "ಫ್ರೀ ವಿಮಾನ ಮೇಡಂ" ಅಂದಿದ್ದ.

ಮಗನ ಕಾಲೇಜು ಫೀ ಕಟ್ಟುವುದಿತ್ತು, ಹಳೇ ಫ್ರಿಜ್ ಕೆಟ್ಟಿತ್ತು. ಹೇಗೂ ಖರ್ಚು ಇದ್ದೇ ಇದೆ ಅಂತ ತಗೊಂಡೆ.

ಫ್ರಿಜ್‌ಗೆ ಊರಿನ ಸೂಪರ್ ಮಾರ್ಕೆಟ್ ಏರಿಯಾದ ಒಂದು ಅಂಗಡಿಗೆ ಹೋದೆವು. ಬೆಲೆ 38,000ಕ್ಕೆ ಇಳಿಯಿತು. ಕಾರ್ಡ್ ತೆಗೆದ ಕೂಡಲೇ ಮಾಲೀಕರ ಮುಖ ಬದಲಾಯಿತು. "ಕಾರ್ಡ್ ಆದ್ರ ಎರಡು ಪರ್ಸೆಂಟ್ ಜಾಸ್ತಿ ಆಗ್ತದ ನೋಡ್ರಿ ಅಕ್ಕಾರ. ಫೋನ್‌ಪೇ ಮಾಡ್ರಿ." ಎರಡು ಪರ್ಸೆಂಟ್ ಅಂದರೆ 760. ನನಗೆ ಉಳಿಯುವ 730 ಅಲ್ಲೇ ಹೋಯಿತಲ್ವಾ! "ಹಾಂಗಾದ್ರ ಬ್ಯಾಡ ಬಿಡ್ರಿ" ಅಂತ ಎದ್ದೆ. ಅದೇ ಮಾಡೆಲ್ ಆನ್‌ಲೈನ್‌ನಲ್ಲಿ ಅದೇ ರೇಟಿಗೆ ಸಿಕ್ಕಿತು. ನಮ್ಮನೆಯವರಿಗೆ ಮಾತ್ರ ಇನ್ನೂ ಸಮಾಧಾನ ಇಲ್ಲ. ಕೆಟ್ಟರೆ ಯಾರ ಅಂಗಡಿಗೆ ಹೋಗಿ ಜಗಳ ಮಾಡೋದು ಅಂತ ಅವರ ಚಿಂತೆ.

ಫ್ರಿಜ್, ಕಾಲೇಜು ಫೀ ಆದಮೇಲೂ ಇಪ್ಪತ್ತು ಸಾವಿರ ಬಾಕಿ. ಇಲ್ಲೇ ಕಷ್ಟ. ಪೆಟ್ರೋಲ್, ಮನೆ ಬಾಡಿಗೆ, ವಾಲೆಟ್‌ಗೆ ಹಾಕಿದ ದುಡ್ಡು ಯಾವುದೂ ಲೆಕ್ಕಕ್ಕಿಲ್ಲ. ವಾಪಸ್ ಮಾಡಿದ ಸಾಮಾನಿನ ದುಡ್ಡೂ ಕಳೆಯುತ್ತಾರೆ. ಗಂಜ್ ಮಾರ್ಕೆಟ್‌ನಲ್ಲಿ ವರ್ಷದ ತೊಗರಿಬೇಳೆ ತಂದೆವು, ಅಲ್ಲಿ ಕಾರ್ಡಿನ ಮಾತೇ ಇಲ್ಲ. ತರಕಾರಿ, ಕಿರಾಣಿ ಎಲ್ಲಾ ಕ್ಯೂಆರ್. ನನ್ನದು ವೀಸಾ ಕಾರ್ಡ್, ಯುಪಿಐಗೆ ಸೇರಿಸಲು ಬರಲ್ಲ. ರುಪೇ ಕ್ರೆಡಿಟ್ ಕಾರ್ಡ್ ಆಗಿದ್ದರೆ ಅಂಗಡಿಯ ಕ್ಯೂಆರ್‌ಗೂ ನಡೆಯುತ್ತೆ. ನಮ್ಮಂಥ ಊರಿಗೆ ಅದೇ ಸರಿ. ಕೊನೆಗೆ ಕರೆಂಟ್ ಬಿಲ್, ಮೊಬೈಲ್ ರೀಚಾರ್ಜ್, ಅತ್ತೆಯವರ ಔಷಧಿಯಿಂದ ಲಕ್ಷ ಮುಟ್ಟಿತು.

ಇನ್ನೊಂದು ಮಾತು. 90 ದಿನದ ಲೆಕ್ಕ ಕಾರ್ಡ್ ಕೈಗೆ ಬಂದ ದಿನದಿಂದಲ್ಲ, ಬ್ಯಾಂಕು ಮಂಜೂರು ಮಾಡಿದ ದಿನದಿಂದ. ಕೊರಿಯರ್ ತಡವಾದರೆ ನಷ್ಟ ನಮ್ಮದೇ. ಬಿಲ್ ಪೂರ್ತಿ ಕಟ್ಟದಿದ್ದರೆ ತಿಂಗಳಿಗೆ 3.5% ಬಡ್ಡಿ. ನಲವತ್ತು ಸಾವಿರ ಒಂದು ತಿಂಗಳು ಉಳಿದರೂ 1,400 ಹೋಯಿತು.

ಪಾಯಿಂಟ್ ಸರಿಯಾಗೇ ಬಂತು, ಅದಕ್ಕೆ ಬ್ಯಾಂಕನ್ನು ದೂರಲ್ಲ. ನಮ್ಮೂರಿನ ವಿಮಾನ ನಿಲ್ದಾಣ 2019ರಲ್ಲೇ ಶುರುವಾಗಿದೆ, ಆದರೆ ಬೇಕಾದ ದಿನ ಬೇಕಾದ ಕಡೆ ವಿಮಾನ ಸಿಗಬೇಕಲ್ಲ. ಹೈದರಾಬಾದ್‌ನಿಂದ ಟಿಕೆಟ್ ತಗೊಂಡೆ. ಅಲ್ಲಿಗೆ ಹೋಗುವ ರೈಲಿನ ದುಡ್ಡು ಪಾಯಿಂಟ್‌ನಲ್ಲಿ ಬರಲ್ಲ.

ಈ ಕಾರ್ಡಿಗೆ ನಾನು ಕೊಡುವ ಮಾರ್ಕ್ಸ್ ಐದಕ್ಕೆ ಎರಡೂವರೆ. ಮುಂದಿನ ವರ್ಷದ ಫೀ ಮನ್ನಾ ಆಗಲು ಎರಡು ಲಕ್ಷ ಖರ್ಚು ಮಾಡಬೇಕಂತೆ. ಫೀ ಬೀಳುವ ಮೊದಲೇ ಕ್ಲೋಸ್ ಮಾಡಿಸಲು ಮೊಬೈಲ್‌ನಲ್ಲಿ ರಿಮೈಂಡರ್ ಹಾಕಿದ್ದೇನೆ.