ಡನ್‌ಕರ್ಕ್‌ನ ‘ಕೀತ್’: ಕಿಟ್ ಒಳ್ಳೆಯದು, ಮಂಗಳೂರಿನ ಮಳೆಗಾಲ ಕಷ್ಟದ್ದು

1:700 ಅಳತೆಯ ಈ ಪ್ಲಾಸ್ಟಿಕ್ ಕಿಟ್, 1940ರ ಜೂನ್ 1ರಂದು ಫ್ರಾನ್ಸ್‌ನ ಡನ್‌ಕರ್ಕ್ ಬಂದರಿನ ಎದುರು ಜರ್ಮನ್ ಬಾಂಬ್‌ಗಳಿಗೆ ಮುಳುಗಿದ ಬ್ರಿಟಿಷ್ ಡೆಸ್ಟ್ರಾಯರ್ (ವೇಗದ ಯುದ್ಧನೌಕೆ) ಕೀತ್‌ನದು. ಅಸಲು ಹಡಗು ಸುಮಾರು 98 ಮೀಟರ್. ಜೋಡಿಸಿದಾಗ ಮಾದರಿ 14 ಸೆಂ.ಮೀ. ಬರುತ್ತದೆ. ಅಳತೆ ಸರಿ, ಚಿಮಣಿಗಳ ಅಂಚು ತೆಳುವಾಗಿ ಚಂದ ಬಂದಿದೆ.

ಬೇಸರವಾಗುವುದು ಖಾಲಿ ಡೆಕ್ ನೋಡಿದಾಗ. ಜರ್ಮನ್ನರ ಮುತ್ತಿಗೆಗೆ ಸಿಕ್ಕ ಡನ್‌ಕರ್ಕ್‌ನಿಂದ ಆ ಒಂದು ದಿನ 64,429 ಸೈನಿಕರನ್ನು ಹಡಗುಗಳಲ್ಲಿ ಇಂಗ್ಲೆಂಡಿಗೆ ಸಾಗಿಸಲಾಯಿತು. ಕೀತ್ ಜೊತೆ ಬ್ಯಾಸಿಲಿಸ್ಕ್, ಹ್ಯಾವಂಟ್ ಎಂಬ ಡೆಸ್ಟ್ರಾಯರ್‌ಗಳೂ ಅಂದೇ ಮುಳುಗಿದವು. ಹಗಲಿನ ಸಾಗಾಟವನ್ನೇ ನಿಲ್ಲಿಸಬೇಕಾಯಿತು. ಸೈನಿಕರಿಲ್ಲದ ಡನ್‌ಕರ್ಕ್ ಹಡಗು ಅಪೂರ್ಣ. ಈ ಅಳತೆಯಲ್ಲಿ ಮನುಷ್ಯ ಎರಡೂವರೆ ಮಿ.ಮೀ.; ಗೊಂಬೆಗಳನ್ನು ಬೇರೆಯೇ ಕೊಳ್ಳಬೇಕು.

ಕರಾವಳಿಯವರು ಗಮನಿಸಬೇಕಾದ್ದು ತೇವ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮ್ಯಾಟ್ ಲ್ಯಾಕರ್ (ಹೊಳಪಿಲ್ಲದ ಮೇಲ್ಲೇಪ) ಸ್ಪ್ರೇ ಹೊಡೆದರೆ ಬೂದು ಬಣ್ಣದ ಮೇಲೆ ಬಿಳಿ ಮಸುಕು ಕೂರುತ್ತದೆ: ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ನೀರು ಅಲ್ಲೇ ಹನಿಗಟ್ಟುತ್ತದೆ. ಮಳೆ ಬಿಟ್ಟ ದಿನ, ಎಸಿ ಕೋಣೆಯಲ್ಲಿ ತೆಳುವಾಗಿ ಹೊಡೆಯಿರಿ. ಮಸುಕು ಬಂದರೆ ನಿಧಾನವಾಗಿ ಆರುವ ಥಿನ್ನರನ್ನು ಒಮ್ಮೆ ಹಗುರವಾಗಿ ಹೊಡೆದರೆ ಬಹುತೇಕ ಹೋಗುತ್ತದೆ. ಹಿತ್ತಾಳೆ ಕಂಬಿಬೇಲಿಗೆ ಸೂಪರ್ ಗ್ಲೂ ಸೂಜಿಮೊನೆಯಷ್ಟೇ ಸಾಕು. ಹೆಚ್ಚಾದರೆ ಸುತ್ತ ಬಿಳಿ ಪುಡಿ ಏಳುತ್ತದೆ. ಸ್ಟಿಕರ್ ಅಂಟಿಸಿ ಎರಡು ದಿನ ಬಿಡಿ, ಆಮೇಲೆ ವಾರ್ನಿಶ್.

ಮೊದಲ ಹಡಗು ಕಟ್ಟುವವರಿಗೆ ಬೇಡ. ಎರಡು-ಮೂರು ಕಟ್ಟಿದವರು ಧೈರ್ಯವಾಗಿ ಕೊಳ್ಳಬಹುದು.