ಮಲ್ಲೇಶ್ವರವೋ, ಬಸವನಗುಡಿಯೋ?

ಬೆಂಗಳೂರಿನ ಹಳೇ ಬಡಾವಣೆಯಲ್ಲೇ ಮನೆ ಬೇಕು ಅನ್ನುವವರು ಕೊನೆಗೆ ಬಂದು ನಿಲ್ಲುವುದು ಇವೆರಡರ ನಡುವೆ. ವಯಸ್ಸಿನಲ್ಲಿ ಇವು ಅವಳಿಗಳು. 1898ರ ಪ್ಲೇಗಿಗೆ ಪೇಟೆಯ ಇಕ್ಕಟ್ಟು ಓಣಿಗಳಿಂದ ಜನ ಗುಳೆ ಎದ್ದಾಗ ಎರಡೂ ಬೆಳೆದವು. ಗಾಳಿ ಆಡಲೆಂದೇ ನೇರ ರಸ್ತೆ, ಅಡ್ಡರಸ್ತೆಗಳು.

ಮಲ್ಲೇಶ್ವರಕ್ಕೆ ಹೆಸರು ಕೊಟ್ಟ ಕಾಡು ಮಲ್ಲೇಶ್ವರ ಗುಡಿ ಬಡಾವಣೆಗಿಂತ ಎಷ್ಟೋ ಹಳೆಯದು. ಎದುರಿನ ನಂದಿತೀರ್ಥದಲ್ಲಿ ಬಸವನ ಬಾಯಿಂದ ನೀರು ಕೆಳಗಿನ ಲಿಂಗದ ಮೇಲೆ ಬೀಳುತ್ತದೆ; ಬೇಸಿಗೆಯಲ್ಲೂ ಆ ಮೆಟ್ಟಿಲು ತಣ್ಣಗೆ. ಎಂಟನೇ ಕ್ರಾಸಿನ ಮಾರುಕಟ್ಟೆಯಲ್ಲಿ ಹಬ್ಬದ ಹಿಂದಿನ ದಿನ ಮಾತ್ರ ಕಾಲಿಡಬೇಡಿ. ಸಂಪಿಗೆ ರಸ್ತೆಯ ಟ್ರಾಫಿಕ್ಕೂ ಹಾಗೇ. ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯ ಕಡೆ ಕೆಲಸವಿದ್ದರೆ ಇದೇ ಸರಿ.

ಬಸವನಗುಡಿಗೆ ನನ್ನ ಒಲವು ಸ್ವಲ್ಪ ಜಾಸ್ತಿ, ಮುಚ್ಚಿಡುವುದೇಕೆ. ಗಾಂಧಿ ಬಜಾರಿನಲ್ಲಿ ಹೂವು ಮೊಳದ ಲೆಕ್ಕದಲ್ಲಿ ಸಿಗುತ್ತದೆ, ಅಳೆಯುವುದು ಮಾರುವವರ ಮೊಳಕೈಯಲ್ಲಿ! 1943ರಿಂದ ಇರುವ ವಿದ್ಯಾರ್ಥಿ ಭವನದ ಮುಂದೆ ಭಾನುವಾರ ದೋಸೆಗೆ ಕಾಯಲೇಬೇಕು. ಕಾರ್ತಿಕದ ಕಡೇ ಸೋಮವಾರ ಕಡಲೆಕಾಯಿ ಪರಿಷೆ. ಬುಲ್ ಟೆಂಪಲ್ ರಸ್ತೆಯಲ್ಲಿ ಮನೆ ಹಿಡಿದರೆ ಪರಿಷೆ ನಡೆಯುವಷ್ಟೂ ದಿನ ಗಾಡಿ ಹೊರತೆಗೆಯುವ ಆಸೆ ಬಿಡಿ. ಗೋಖಲೆ ಸಂಸ್ಥೆಯಲ್ಲಿ ಉಪನ್ಯಾಸ, ಲಾಲ್‌ಬಾಗಿನಲ್ಲಿ ವಾಕಿಂಗು, ಎಲ್ಲ ಕಾಲ್ನಡಿಗೆಯಲ್ಲಿ.

ಮೆಟ್ರೋ ಎರಡಕ್ಕೂ ಇದೆ, ಅದೂ ಒಂದೇ ಹಸಿರು ಮಾರ್ಗ. ಹಾಗಾಗಿ ಮಲ್ಲೇಶ್ವರದಲ್ಲಿದ್ದೂ ದೋಸೆಗೆ ಬಸವನಗುಡಿಗೆ ಬರಬಹುದು. ಮಲ್ಲೇಶ್ವರದವರು ನಮ್ಮ ಸಿಟಿಆರ್ ಹೋಟೆಲ್ಲಿನ ದೋಸೆ ಇರುವಾಗ ಯಾಕೆ ಅಂತಾರೆ, ಅದು ಬೇರೆ ಜಗಳ.